ಮುಂಬೈಯಲ್ಲಿ ಎಲ್ಲಿ ತಿನ್ನಬೇಕು? ಪಟ್ಟಿಗಳು ಹೇಳದೆ ಬಿಟ್ಟದ್ದು

ನೀವು ಎರಡು ದಿನದ ಮಟ್ಟಿಗೆ ಮುಂಬೈಗೆ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಪುಣೆಯಿಂದ ಕೆಲಸದ ಸಂದರ್ಶನಕ್ಕೆ ಇರಬಹುದು, ಹೈದರಾಬಾದಿನಿಂದ ನೆಂಟರ ಮದುವೆಗೆ ಇರಬಹುದು, ಮಂಗಳೂರಿನಿಂದ ಗಲ್ಫ್ ವೀಸಾದ ಕೆಲಸಕ್ಕೆ ಇರಬಹುದು. ರೈಲು ಹತ್ತುವ ಮೊದಲು ಮೊಬೈಲನ್ನು ಒಂದು ಪ್ರಶ್ನೆ ಕೇಳುತ್ತೀರಿ: ಅಲ್ಲಿ ಎಲ್ಲಿ ತಿನ್ನೋದು, ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ? ಉತ್ತರ ಕ್ಷಣದಲ್ಲಿ ಬರುತ್ತದೆ. ಹತ್ತು ಹೋಟೆಲು, ಹತ್ತು ಫೋಟೊ, ಒಂದೊಂದಕ್ಕೂ ಎರಡೆರಡು ಸಾಲು ಹೊಗಳಿಕೆ, ಕೊನೆಗೆ ನಾಲ್ಕೋ ಐದೋ ನಕ್ಷತ್ರ. ವಿಡಿಯೊ ಆದರೆ ಒಬ್ಬ ಹುಡುಗ ಬೆಣ್ಣೆ ಸುರಿಯುವ ದೋಸೆಯನ್ನು ಕ್ಯಾಮೆರಾದ ಮೂತಿಗೆ ಹಿಡಿದು ಕಣ್ಣು ಮುಚ್ಚಿ ತಲೆ ಆಡಿಸುತ್ತಾನೆ. ಅಲ್ಲಿಗೆ ಮುಗಿಯಿತು.

ಇಂಥ ಪಟ್ಟಿಗಳನ್ನು ಯಾರೂ ಬರವಣಿಗೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಮರ್ಶೆ ಅಂದರೆ ಕಥೆ, ಕವಿತೆ, ಕಾದಂಬರಿಗೆ ಮೀಸಲು ಅಂತ ನಮ್ಮ ಅಭ್ಯಾಸ. ಆದರೆ ಕಾದಂಬರಿ ಕೈಯಲ್ಲಿ ಹಿಡಿಯದವರೂ ಈ ಪಟ್ಟಿ ಓದುತ್ತಾರೆ, ಓದಿದ್ದನ್ನು ನಂಬುತ್ತಾರೆ, ನಂಬಿ ಆಟೊ ಹತ್ತುತ್ತಾರೆ. ಒಂದು ನಗರ ಯಾರದು, ಅದರಲ್ಲಿ ನೋಡತಕ್ಕದ್ದು ಯಾವುದು ಅನ್ನುವ ತೀರ್ಮಾನ ಈಗ ಇಲ್ಲೇ ಆಗುತ್ತಿದೆ. ಹಾಗಾಗಿ ಇದನ್ನೂ ಒಂದು ಪ್ರಕಾರವಾಗಿ ಓದೋಣ. ಏನು ಹೇಳುತ್ತದೆ, ಏನು ಬಿಡುತ್ತದೆ, ಬಿಟ್ಟದ್ದರಿಂದ ಯಾರಿಗೆ ನಷ್ಟ ಅಂತ ನೋಡೋಣ.

ಈ ಪಟ್ಟಿಗಳ ತಕ್ಕಡಿಯಲ್ಲಿ ಇರುವುದು ಮೂರೇ ಬೊಟ್ಟು: ರುಚಿ, ಹಳತು, ಫೋಟೊ. ತಿಂಡಿ ಬಾಯಿಗೆ ಹಿಡಿಸಬೇಕು, ಬೋರ್ಡಿನ ಮೇಲೆ ಒಂದು ಹಳೆಯ ಇಸವಿ ಇರಬೇಕು, ಗೋಡೆಯ ಬಣ್ಣ ಚಿತ್ರಕ್ಕೆ ಒಪ್ಪಬೇಕು. ಮೂರೂ ಬೇಕಾದದ್ದೇ. ಆದರೆ ಪ್ರಯಾಣದಲ್ಲಿ ಇರುವವನ ಪಾಡು ನೋಡಿ. ಕೈಯಲ್ಲಿ ಬ್ಯಾಗು, ಕಾಲಲ್ಲಿ ನೋವು, ಎರಡು ಕೆಲಸದ ನಡುವೆ ಮೂರು ಗಂಟೆ ಬಿಡುವು, ಜೇಬಿನಲ್ಲಿ ಲೆಕ್ಕದ ದುಡ್ಡು. ಅವನಿಗೆ ಬೇಕಾಗಿರುವುದು ಒಂದು ಕಪ್ ಕಾಫಿಯ ಜೊತೆಗೆ ಕೂರಲು ಒಂದು ಜಾಗ. ಎಷ್ಟು ಹೊತ್ತು ಕೂರಬಹುದು? ಒಬ್ಬಳೇ ಹೋದರೆ ಕೂರಿಸುತ್ತಾರಾ? ಹೆಸರು ಕೇಳಿದರೆ ಮುಖ ಬದಲಾಗುತ್ತಾ? ಅಸರ್ ನಮಾಜಿಗೆ ಹತ್ತಿರದಲ್ಲಿ ಮಸೀದಿ ಇದೆಯಾ? ಇವುಗಳಲ್ಲಿ ಒಂದಕ್ಕೂ ಪಟ್ಟಿಯಲ್ಲಿ ಉತ್ತರವಿಲ್ಲ. ಪಟ್ಟಿ ತಟ್ಟೆಯನ್ನು ನೋಡಿತು, ಬೆಂಚನ್ನು ನೋಡಲಿಲ್ಲ. ನನ್ನ ತಕರಾರು ಇಷ್ಟೇ.

ಕಾಫಿಯ ಚರಿತ್ರೆಯಲ್ಲಿ ಬೆಂಚು ಅನ್ನೋದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ರಾತ್ರಿ ಝಿಕ್ರ್‌ಗೆ ಎಚ್ಚರ ಇರಲೆಂದು ಯೆಮೆನಿನ ಸೂಫಿಗಳು ಕುಡಿಯುತ್ತಿದ್ದ ಪಾನೀಯ ಅದು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ. ಅವನ ತಲೆ ಕೆಡಿಸಿದ್ದು ಆ ಕಪ್ಪು ನೀರಿಗಿಂತ ಹೆಚ್ಚಾಗಿ ಅದರ ಸುತ್ತ ರಾತ್ರಿ ಹೊತ್ತು ಗುಂಪುಗೂಡಿ ಮಾತಾಡುತ್ತಿದ್ದ ಜನ. ಕೈರೋದ ಸುಲ್ತಾನ ಆ ನಿಷೇಧವನ್ನು ಸಡಿಲಿಸಬೇಕಾಯಿತು. 1675ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯೂ ಕಾಫಿ ಮನೆಗಳನ್ನು ಮುಚ್ಚಿಸಲು ಹೊರಟು, ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆದ. ಆಳುವವರಿಗೆ ಚೆನ್ನಾಗಿ ಗೊತ್ತಿತ್ತು, ಕಾಫಿಯಲ್ಲಿ ಇರುವ ಶಕ್ತಿ ಕೂತವರದು ಅಂತ. ಅದೇ ಯೆಮೆನಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಊರಿದವರು ಬಾಬಾ ಬುಡನ್ ಅನ್ನುವುದು ನಾವು ನೀವೆಲ್ಲ ಕೇಳಿ ಬೆಳೆದ ಮಾತು. ಇವತ್ತು ದೇಶದ ಕಾಫಿಯಲ್ಲಿ ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಮುಂಬೈಯ ಯಾವ ಮೇಜಿನ ಮೇಲೆ ಕಾಫಿ ಕಂಡರೂ ಅದರಲ್ಲಿ ನಮ್ಮ ಗುಡ್ಡದ ವಾಸನೆ ಇರುವ ಸಾಧ್ಯತೆ ಹೆಚ್ಚು.

ಈಗ ಮುಂಬೈಗೆ ಬನ್ನಿ. ಕನ್ನಡದವರಿಗೆ ಪಟ್ಟಿ ಮೊದಲು ತೋರಿಸುವುದು ಮಾಟುಂಗಾ. ಸ್ಟೇಷನ್ ಎದುರು ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು, ಬಾಳೆಲೆ ಊಟ. ಕಿಂಗ್ಸ್ ಸರ್ಕಲ್ ಕಡೆಗೆ ನಡೆದರೆ ಕೆಫೆ ಮದ್ರಾಸ್, ಮೈಸೂರು ಕೆಫೆ. ಬೆಳಿಗ್ಗೆಯೇ ಕ್ಯೂ ನಿಲ್ಲಿಸುವ ರಾಮಾಶ್ರಯ, ಅದರ ಅನಾನಸ್ ಶೀರಾ. ಸ್ಟೀಲ್ ಲೋಟ, ಬಟ್ಟಲು, ನೊರೆ ಕಾಫಿ. ಇದನ್ನೆಲ್ಲ ಪಟ್ಟಿ ಸರಿಯಾಗಿಯೇ ಹೇಳುತ್ತದೆ. ರುಚಿಯ ವಿಷಯದಲ್ಲಿ ನನಗೇನೂ ಜಗಳ ಇಲ್ಲ.

ಆದರೆ ಮಾಟುಂಗಾದ ಮೇಜು ಬೇರೆ ಎರಡು ಮಾತು ಹೇಳುತ್ತದೆ. ಒಂದು, ಅಲ್ಲಿ ಅಪರಿಚಿತರು ಮೇಜು ಹಂಚಿಕೊಳ್ಳಲೇಬೇಕು. ನಿಮ್ಮ ಎದುರು ಕೂತವರು ಗುಜರಾತಿ ವ್ಯಾಪಾರಿ ಇರಬಹುದು, ಕಾಲೇಜು ಹುಡುಗಿ ಇರಬಹುದು. ನಿಮ್ಮ ಸಾಂಬಾರಿನ ಬಟ್ಟಲಿಗೂ ಅವರ ಚಟ್ನಿಗೂ ನಡುವೆ ನಾಲ್ಕು ಬೆರಳು ಅಂತರ. ಹಲಾಲ್ ಹೌದೋ ಅಲ್ಲವೋ ಅನ್ನುವ ಪ್ರಶ್ನೆಯೇ ಏಳದ ಊಟ ಅದು. ಊರು ಬಿಟ್ಟು ಬಂದ ನಮ್ಮ ಹುಡುಗರಿಗೆ ಎಷ್ಟೋ ದಶಕಗಳಿಂದ ಉಡುಪಿ ಹೋಟೆಲು ನಿಶ್ಚಿಂತೆಯ ಜಾಗ ಆಗಿದ್ದು ಇದರಿಂದಲೇ. ಗಲ್ಲಾದ ಹಿಂದಿನಿಂದ ತುಳುವೋ ಕೊಂಕಣಿಯೋ ಕನ್ನಡವೋ ಕಿವಿಗೆ ಬಿದ್ದರೆ ಊಟಕ್ಕೆ ಇನ್ನೊಂದು ಉಪ್ಪಿನಕಾಯಿ ಸಿಕ್ಕ ಹಾಗೆ. ಎರಡನೆಯದು, ಅಲ್ಲಿ ಕೂರಲು ಆಗುವುದಿಲ್ಲ. ಲೋಟ ಖಾಲಿಯಾದ ಕೂಡಲೇ ಕ್ಲೀನರ್ ಬಟ್ಟೆ ಹಿಡಿದು ಬಂದ, ಬಾಗಿಲಲ್ಲಿ ನಿಂತ ಹತ್ತು ಜನರ ಕಣ್ಣು ನಿಮ್ಮ ಬೆನ್ನ ಮೇಲೆ. ಮೂರು ಗಂಟೆ ಬಿಡುವಿರುವವರು ಮಾಟುಂಗಾದಲ್ಲಿ ಇಪ್ಪತ್ತೈದು ನಿಮಿಷ ಕಳೆಯಬಹುದು, ಅಷ್ಟೇ.

ಪಟ್ಟಿ ಹೇಳದ ಇನ್ನೊಂದು ಸಂಗತಿ ಆ ಹೋಟೆಲುಗಳ ಒಳಗಿನ ಬದುಕು. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಮೇಜು ಒರೆಸಿ, ಸಂಜೆ ಮುಂಬೈಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ವಕೀಲರೂ ಲೇಖಕರೂ ಹೋಟೆಲು ಮಾಲೀಕರೂ ಆದರು. ಇದು ಕಥೆಗಳಿಗೆ ಗೊತ್ತು. ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳನ್ನು ಓದಿ ನೋಡಿ. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಡಿಎಸ್‌ಸಿ ಪ್ರಶಸ್ತಿ ಪಡೆದ ಮೇಲೆ ಕನ್ನಡ ಓದದವರೂ ಅವನ್ನು ಬಲ್ಲರು. ಚಾಳು, ಲಾಡ್ಜು, ಲೋಕಲ್ ರೈಲು, ಸಣ್ಣ ಕೆಲಸಗಳಲ್ಲಿ ದಿನ ದೂಡುವವರೇ ಅಲ್ಲಿ ಮುಖ್ಯ ಪಾತ್ರಗಳು. ಪಟ್ಟಿಯಲ್ಲಿ ಇವರು ಫೋಟೊದ ಅಂಚಿನಲ್ಲಿ ಕಾಣುವ ಒಂದು ಕೈ.

ಹಾಗಂತ ಉಡುಪಿ ಹೋಟೆಲನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಮಠದ ಅಡುಗೆಮನೆಯಿಂದ ಪೇಟೆಗೆ ಬಂದ ಈ ಪದ್ಧತಿಗೆ ಜಾತಿಯ ಪಂಕ್ತಿಯೂ ಅಂಟಿಕೊಂಡು ಬಂದಿತ್ತು. ಚೆನ್ನೈಯಲ್ಲಿರುವ ಓದುಗರಿಗೆ ನೆನಪಿರಬಹುದು, ಅಲ್ಲಿನ ಟ್ರಿಪ್ಲಿಕೇನಿನ ಒಂದು ಹೋಟೆಲಿನ ಬೋರ್ಡಿನಲ್ಲಿದ್ದ 'ಬ್ರಾಹ್ಮಣರ' ಅನ್ನುವ ಪದ ತೆಗೆಸಲು ಪೆರಿಯಾರ್ 1957ರಲ್ಲೂ ಚಳವಳಿ ಮಾಡಬೇಕಾಯಿತು. ಸಂವಿಧಾನ ಬಂದು ಏಳು ವರ್ಷ ಆಗಿತ್ತು! ಕಾಫಿ ಮೇಲ್ಜಾತಿಯ ಮಧ್ಯಮ ವರ್ಗದ್ದು, ಚಾ ದುಡಿಯುವವರದು ಅನ್ನುವ ಗೆರೆ ತಮಿಳುನಾಡಿನಲ್ಲಿ ಹೇಗೆ ಬಿತ್ತು ಅಂತ ಎ. ಆರ್. ವೆಂಕಟಾಚಲಪತಿ ಒಂದು ಪುಸ್ತಕದಲ್ಲಿ ಬಿಡಿಸಿ ಬರೆದಿದ್ದಾರೆ. ಇವತ್ತು ಮಾಟುಂಗಾದಲ್ಲಿ ಯಾರು ಬೇಕಾದರೂ ಯಾರ ಎದುರು ಬೇಕಾದರೂ ಕೂರುತ್ತಾರೆ ಅಂದರೆ ಅದು ತಾನಾಗಿ ಆದದ್ದಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳ ಹೆಸರನ್ನೇ ಎತ್ತಿ ಹೇಳುತ್ತದೆ: ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರಿಗೂ ಪ್ರವೇಶ ತಡೆಯುವಂತಿಲ್ಲ. ಬೆಂಚು ಅನ್ನೋದು ಹೋರಾಡಿ ಗಳಿಸಿದ ಆಸ್ತಿ. 'ಐತಿಹಾಸಿಕ ಹೋಟೆಲು' ಅಂತ ಬರೆಯುವ ಪಟ್ಟಿ ಈ ಇತಿಹಾಸವನ್ನು ಮಾತ್ರ ಮುಟ್ಟುವುದಿಲ್ಲ.

ಮಾಟುಂಗಾದಿಂದ ಲೋಕಲ್ ಹಿಡಿದು ದಕ್ಷಿಣಕ್ಕೆ ಇಳಿದರೆ ಪಟ್ಟಿಯ ಎರಡನೇ ಪ್ರೀತಿ ಸಿಗುತ್ತದೆ, ಇರಾನಿ ಹೋಟೆಲು. ಧೋಬಿ ತಲಾವಿನ ಕಯಾನಿ 1904ರದ್ದು, ಗ್ರಾಂಟ್ ರೋಡ್ ಸ್ಟೇಷನ್ ಎದುರಿನ ಬಿ. ಮೆರ್ವಾನ್ 1914ರದ್ದು, ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು. ಇಲ್ಲಿ ಕಾಫಿಗಿಂತ ಚಾ ಮುಖ್ಯ. ಬನ್ ಮಸ್ಕಾ, ಗಟ್ಟಿ ಸಿಪ್ಪೆಯ ಬ್ರುನ್, ಮಾವಾ ಕೇಕು. ಇರಾನಿನಿಂದ ಬಂದ ಝೊರಾಸ್ಟ್ರಿಯನ್ನರೂ ಶಿಯಾ ಮುಸ್ಲಿಮರೂ ಇಂಥ ಹೋಟೆಲು ನಡೆಸಿದರು. ಮೂಲೆಯ ಜಾಗ ಅಪಶಕುನ ಅಂತ ಬೇರೆ ವ್ಯಾಪಾರಿಗಳು ಬಿಟ್ಟದ್ದನ್ನು ಇವರು ಹಿಡಿದರು ಅಂತ ಹೇಳುತ್ತಾರೆ. ಮೂಲೆ ಅಂದಮೇಲೆ ಎರಡು ಬೀದಿಗೆ ಬಾಗಿಲು, ಎರಡು ಬೀದಿಯ ಜನ. ಗಿರಣಿ ಕೆಲಸಗಾರ, ಗುಮಾಸ್ತ, ಟ್ಯಾಕ್ಸಿಯವನು, ಕವಿ, ಎಲ್ಲರೂ ಅಮೃತಶಿಲೆ ಹಾಸಿದ ಅದೇ ಮೇಜಿಗೆ ಮೊಣಕೈ ಊರಿದವರು. ಮಂಟೋ ಕಥೆಗಳ ಬೊಂಬಾಯಿಯಲ್ಲಿ ಇರಾನಿ ಹೋಟೆಲು ಇರುವುದು ಅಲಂಕಾರಕ್ಕಲ್ಲ. ಕೋಣೆ ಇಲ್ಲದವರಿಗೆ ಅದೇ ಪಡಸಾಲೆ ಆಗಿತ್ತು.

ಪಟ್ಟಿಗಳು ಇದನ್ನು 'ನಾಸ್ಟಾಲ್ಜಿಯಾ' ಅನ್ನುವ ಒಂದೇ ಪದದಲ್ಲಿ ಮುಗಿಸುತ್ತವೆ. ನಿಸ್ಸಿಮ್ ಎಜೆಕಿಲ್ ಹಾಗೆ ಮಾಡಲಿಲ್ಲ. ಧೋಬಿ ತಲಾವಿನಲ್ಲೇ ಇದ್ದ, ಈಗ ಇಲ್ಲದ ಬಾಸ್ತಾನಿ ಅನ್ನುವ ಇರಾನಿ ಹೋಟೆಲಿನ ಸೂಚನಾ ಫಲಕವನ್ನೇ ಅವರು ಒಂದು ಸಣ್ಣ ಕವಿತೆ ಮಾಡಿದರು. ಅದು ಬರೀ 'ಮಾಡಬೇಡಿ'ಗಳ ಸಾಲು. ಓದಿ ನಗುತ್ತೇವೆ. ಆಮೇಲೆ ಹೊಳೆಯುತ್ತದೆ, ಎಲ್ಲರನ್ನೂ ಒಳಗೆ ಬಿಟ್ಟುಕೊಂಡ ಜಾಗಕ್ಕೆ ಮಾತ್ರ ಅಷ್ಟು ಉದ್ದದ ಫಲಕ ಬೇಕಾಗುತ್ತದೆ. ಬಾಗಿಲಲ್ಲೇ ಆರಿಸಿ ಬಿಡುವ ಹೋಟೆಲಿಗೆ ಫಲಕ ಯಾಕೆ? ಇರಾನಿಯವನ ಉದಾರತೆಯನ್ನೂ ಅವನ ಸಿಡುಕನ್ನೂ ಒಟ್ಟಿಗೆ ಹಿಡಿದ ವಿಮರ್ಶೆ ಅದು, ನಕ್ಷತ್ರ ಕೊಡದೆ. ಒಂದು ಉಪಯೋಗದ ಮಾತೂ ಹೇಳಿಬಿಡುತ್ತೇನೆ: ಹಳೆಯ ಇರಾನಿ ಜಾಗಗಳಲ್ಲಿ ಕೆಲವು ಈಗ ಬಿಯರ್ ಬಾರುಗಳು. ಬೋರ್ಡಿನಲ್ಲಿ 'ಪರ್ಮಿಟ್ ರೂಮ್' ಅಂತ ಇದ್ದರೆ ಅಲ್ಲಿ ಮದ್ಯ ಇದೆ ಅಂತ ಅರ್ಥ. ಇದನ್ನು ಪಟ್ಟಿ ಹೇಳಿದರೆ ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಸುತ್ತು ಉಳಿಯುತ್ತಿತ್ತು.

ಇನ್ನೊಬ್ಬ ಕವಿಯನ್ನೂ ಇಲ್ಲಿ ಕರೆಯಬೇಕು. ಅರುಣ್ ಕೊಲಟ್ಕರ್ ಕಾಲಾ ಘೋಡಾದ ವೇಸೈಡ್ ಇನ್ ಅನ್ನುವ ಹೋಟೆಲಿನ ಕಿಟಕಿ ಪಕ್ಕ ವರ್ಷಗಟ್ಟಲೆ ಕೂತರು. ಎದುರಿನ ಟ್ರಾಫಿಕ್ ದ್ವೀಪವನ್ನು ನೋಡುತ್ತಾ ಬರೆದ ಕವಿತೆಗಳು 2004ರಲ್ಲಿ 'ಕಾಲಾ ಘೋಡಾ ಪೊಯಮ್ಸ್' ಆಗಿ ಬಂದವು. ಅದರಲ್ಲಿ ಬೆಳಗಿನ ತಿಂಡಿಯ ಬಗ್ಗೆ ಒಂದು ದೀರ್ಘ ಕವಿತೆ ಇದೆ. ಒಬ್ಬ ಹೆಂಗಸು ಡಬ್ಬಿ ತುಂಬ ಇಡ್ಲಿ ತರುತ್ತಾಳೆ. ಬೀದಿಯಲ್ಲಿ ಮಲಗಿ ಎದ್ದವರು, ಕಸ ಆರಿಸುವವರು, ಅಂಗವಿಕಲರು, ಮಕ್ಕಳು ಸುತ್ತ ಸೇರುತ್ತಾರೆ. ಸ್ವಲ್ಪ ಹೊತ್ತಿನ ಮಟ್ಟಿಗೆ ಆ ದ್ವೀಪವೇ ಒಂದು ಹೋಟೆಲು. ಡಬ್ಬಿ ಖಾಲಿ ಆಯಿತು, ಹೋಟೆಲು ಮಾಯ. ಯೋಚನೆ ಮಾಡಿ. ನಮ್ಮ ಇಡ್ಲಿಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಅತ್ಯುತ್ತಮ ಬರಹಗಳಲ್ಲಿ ಇದೊಂದು, ಆದರೆ ಅದರ ಹೋಟೆಲಿಗೆ ವಿಳಾಸವೇ ಇಲ್ಲ. ಯಾವ ಪಟ್ಟಿಯಲ್ಲೂ ಅದು ಬರಲಾರದು. ಅಷ್ಟು ವರ್ಷ ಒಂದೇ ಕಿಟಕಿಯಲ್ಲಿ ಕೂರಲು ಬಿಟ್ಟ ಒಂದು ಹೋಟೆಲು ಇದ್ದದ್ದರಿಂದ ಆ ಕವಿತೆ ಹುಟ್ಟಿತು ಅನ್ನುವುದನ್ನೂ ಮರೆಯಬೇಡಿ. ವೇಸೈಡ್ ಇನ್ ಈಗಿಲ್ಲ. ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ 1964ರಿಂದ ಇದ್ದ, ಬಡ ಕಲಾವಿದರು ಒಂದು ಚಾ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದ ಸಮೋವರ್ 2015ರಲ್ಲಿ ಮುಚ್ಚಿತು.

ಈಗ ನಮ್ಮದೇ ಮೇಜಿಗೆ ಬರೋಣ. ಕ್ರಾಫರ್ಡ್ ಮಾರ್ಕೆಟ್ ದಾಟಿದರೆ ಮೊಹಮ್ಮದ್ ಅಲಿ ರೋಡ್, ಭೇಂಡಿ ಬಜಾರ್. 1923ರ ನೂರ್ ಮೊಹಮ್ಮದಿ ಹೋಟೆಲಿನ ನಲ್ಲಿ ನಿಹಾರಿ, ಅದರ ಗೋಡೆಗೆ ಎಂ. ಎಫ್. ಹುಸೇನ್ ಕೊಟ್ಟ ಚಿತ್ರ. ಮಿನಾರಾ ಮಸೀದಿಯ ಸುತ್ತಿನ ಮಾಲ್ಪುವಾ, ಫಿರ್ನಿ. ಪಟ್ಟಿಗಳು ಈ ಬೀದಿಗೆ ವರ್ಷಕ್ಕೆ ಒಂದೇ ತಿಂಗಳು ಬರುತ್ತವೆ, ಅದೂ ರಾತ್ರಿ. ದೀಪ, ಹೊಗೆ, ಕಬಾಬಿನ ಕಡ್ಡಿ, ನೂಕುನುಗ್ಗಲು. ಇಡೀ ದಿನ ಉಪವಾಸ ಇದ್ದು ಬಾಣಲೆ ಮುಂದೆ ನಿಂತವನ ಬೆವರು ಆ ಚಿತ್ರದಲ್ಲಿ ಬಣ್ಣ ಮಾತ್ರ. ಉಳಿದ ಹನ್ನೊಂದು ತಿಂಗಳು ಅದೇ ಬೀದಿಯಲ್ಲಿ ಜನ ಬೆಳಿಗ್ಗೆ ಚಾ ಕುಡಿಯುತ್ತಾರೆ, ಪಾವ್ ಅದ್ದುತ್ತಾರೆ, ಪೇಪರು ಓದುತ್ತಾರೆ. ಅದು ಯಾರಿಗೂ ಬೇಡ. ಸುಮಾರು 16.5 ಎಕರೆಯಲ್ಲಿ ಹಳೆಯ ಕಟ್ಟಡ ಕೆಡವಿ ಗೋಪುರ ಕಟ್ಟುವ ಕೆಲಸ ಭೇಂಡಿ ಬಜಾರಿನಲ್ಲಿ ವರ್ಷಗಳಿಂದ ನಡೆದಿದೆ. ಮೂಲೆಯ ಚಾ ಅಂಗಡಿಯ ಬೆಂಚು ಹೊಸ ನಕ್ಷೆಯಲ್ಲಿ ಎಲ್ಲಿ ಅಂತ ಕೇಳುವ ಒಂದು ಪಟ್ಟಿಯನ್ನಾದರೂ ನೀವು ಓದಿದ್ದೀರಾ?

ಹೊರಗಿನವರ ಪಟ್ಟಿಯನ್ನು ಬೈದು ಕೈ ತೊಳೆದುಕೊಂಡರೆ ಸಾಕಾ? ನಮ್ಮವರೇ ಮಾಡಿ ವಾಟ್ಸಪ್ಪಿನಲ್ಲಿ ಹಂಚುವ ಪಟ್ಟಿಗಳನ್ನೂ ನೋಡಿ. ಹಲಾಲ್ ಅಂತ ಒಂದು ಗುರುತು, ಬಿರಿಯಾನಿ ಎಷ್ಟು ಜನರಿಗೆ ಸಾಕಾಗುತ್ತೆ ಅನ್ನುವ ಲೆಕ್ಕ, ಮುಗಿಯಿತು. ಹೆಣ್ಣುಮಕ್ಕಳು ಎಲ್ಲಿ ಕೂರುತ್ತಾರೆ ಅನ್ನುವ ಸಾಲು ಅದರಲ್ಲೂ ಇಲ್ಲ. ನಮ್ಮ ಎಷ್ಟೋ ಹೋಟೆಲುಗಳಲ್ಲಿ ಬೀದಿಗೆ ತೆರೆದ ಕೆಳಗಿನ ಹಜಾರ ಗಂಡಸರದು; ಹೆಂಗಸರಿಗೆ ಕಿರಿದಾದ ಮೆಟ್ಟಿಲು ಹತ್ತಿ ಹೋಗುವ 'ಫ್ಯಾಮಿಲಿ ರೂಮ್'. ಫ್ಯಾಮಿಲಿ ಇಲ್ಲದೆ ಒಬ್ಬಳೇ ಬಂದ ವಿದ್ಯಾರ್ಥಿನಿಗೆ ಯಾವ ರೂಮು? ಟಿಸ್‌ನಲ್ಲೋ ಮುಂಬೈ ವಿಶ್ವವಿದ್ಯಾಲಯದಲ್ಲೋ ಓದಲು ಬಂದ ನಮ್ಮ ಹುಡುಗಿ ಒಂದು ಚಾ, ಒಂದು ಪುಸ್ತಕ ಹಿಡಿದು ಅರ್ಧ ಗಂಟೆ ಕೂರಬೇಕಾದರೆ ನಿಹಾರಿಯ ಬೀದಿ ಬಿಟ್ಟು ದುಬಾರಿ ಕೆಫೆ ಹುಡುಕುತ್ತಾಳೆ. ರುಚಿಯಲ್ಲಿ ಗೆದ್ದ ಹೋಟೆಲು ಅಲ್ಲಿ ಸೋತಿತು. ಮಸೀದಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಬೇಕೋ ಬೇಡವೋ ಅಂತ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು, ಹೋಟೆಲಿನ ಒಂದು ಕುರ್ಚಿಯ ವಿಷಯಕ್ಕೆ ಬಾಯಿ ಬಿಟ್ಟದ್ದು ಕಡಿಮೆ.

ದುಬಾರಿ ಕೆಫೆ ಅಂದೆನಲ್ಲ, ಅದಕ್ಕೂ ನ್ಯಾಯ ಸಲ್ಲಬೇಕು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಕೆಫೆ ಕಾಫಿ ಡೇ ಶುರುವಾಯಿತು. 2012ರಲ್ಲಿ ಮುಂಬೈಯ ಹಾರ್ನಿಮನ್ ಸರ್ಕಲಿನಲ್ಲಿ ಸ್ಟಾರ್‌ಬಕ್ಸ್ ಭಾರತದ ತನ್ನ ಮೊದಲ ಬಾಗಿಲು ತೆರೆಯಿತು. ಸಾಹಿತ್ಯದವರಿಗೆ ಇವುಗಳನ್ನು ಹೀಯಾಳಿಸುವುದು ಸುಲಭ. ಆದರೆ ಅಲ್ಲಿ ಒಬ್ಬಳೇ ಕೂತ ಹುಡುಗಿಯನ್ನು ಯಾರೂ ಮಹಡಿಗೆ ಕಳಿಸುವುದಿಲ್ಲ, ಎರಡು ಗಂಟೆ ಆದರೂ ಬಟ್ಟೆ ಹಿಡಿದು ಯಾರೂ ಬರುವುದಿಲ್ಲ, ಬಾತ್‌ರೂಮ್ ಇರುತ್ತದೆ. ಕಾಫಿಗೆ ಕೊಡುವ ದುಡ್ಡಿನಲ್ಲಿ ಹೆಚ್ಚಿನ ಪಾಲು ಕುರ್ಚಿಯ ಬಾಡಿಗೆ, ಅಷ್ಟೇ. ಇರಾನಿಯವನು ಒಂದು ಚಾದ ಬೆಲೆಗೆ ಕೊಟ್ಟದ್ದನ್ನು ಈಗ ಒಂದು ದಿನದ ಊಟದ ಬೆಲೆಗೆ ಕೊಳ್ಳುತ್ತಿದ್ದೇವೆ. ದುಡ್ಡಿದ್ದವರಿಗೆ ಬೆಂಚು ಉಳಿಯಿತು. ಬೀಜ ಮಾತ್ರ ಆಗಲೂ ಈಗಲೂ ಚಿಕ್ಕಮಗಳೂರಿನದೇ.

ಇಷ್ಟರ ನಡುವೆ ಹೋಟೆಲನ್ನು ಅಳೆಯಲು ಹೊಸದೊಂದು ಬೊಟ್ಟು ತರುವ ಪ್ರಯತ್ನವೂ ಆಗಿದೆ: ಮಾಲೀಕನ ಹೆಸರು. 2024ರ ಜುಲೈಯಲ್ಲಿ ಉತ್ತರ ಪ್ರದೇಶದ ಕಾವಡ ಯಾತ್ರೆಯ ದಾರಿಯ ತಿಂಡಿ ಅಂಗಡಿಗಳು ಮಾಲೀಕರ ಹೆಸರನ್ನು ಬೋರ್ಡಿನಲ್ಲಿ ಹಾಕಬೇಕು ಅಂತ ಆದೇಶ ಬಂತು. ಜುಲೈ 22ರಂದು ಸುಪ್ರೀಂ ಕೋರ್ಟು ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು: ಯಾವ ಬಗೆಯ ಆಹಾರ ಅಂತ ತಿಳಿಸಲಿ, ಹೆಸರು ಹಾಕಲು ಒತ್ತಾಯ ಬೇಡ. ತಟ್ಟೆಯಲ್ಲಿ ಏನಿದೆ ಅಂತ ಕೇಳುವುದು ತಿನ್ನುವವನ ಹಕ್ಕು, ನಾವೂ ಕೇಳುತ್ತೇವೆ. ತಟ್ಟೆ ಕೊಟ್ಟವನು ಯಾರ ಮಗ ಅಂತ ಕೇಳಿ ಎದ್ದು ಹೋಗುವುದು ಬೇರೆ. ಟ್ರಿಪ್ಲಿಕೇನಿನ ಆ ಹಳೆಯ ಬೋರ್ಡಿಗೂ ಈ ಹೊಸ ಬೋರ್ಡಿಗೂ ನಂಟಿದೆ. ಒಂದು ಯಾರು ಒಳಗೆ ಬರಬಹುದು ಅಂತ ಹೇಳಿತು, ಇನ್ನೊಂದು ಯಾರ ಒಳಗೆ ಹೋಗಬಾರದು ಅಂತ ಸೂಚಿಸಿತು. ಹೋಟೆಲುಗಳ ಬಗ್ಗೆ ಬರೆಯುವವರು ಇದನ್ನು ರಾಜಕೀಯ ಅಂತ ಬದಿಗಿಟ್ಟರೆ, ಅವರ ಬರವಣಿಗೆಗೆ ನಾಲಿಗೆ ಮಾತ್ರ ಇದೆ, ಬೆನ್ನೆಲುಬು ಇಲ್ಲ.

ಹಾಗಾದರೆ ಎಲ್ಲಿ ತಿನ್ನೋದು? ಕೇಳಿದ್ದಕ್ಕೆ ಉತ್ತರ ಕೊಡದೆ ಎದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ಬೇಗ ಮಾಟುಂಗಾಗೆ ಹೋಗಿ, ಏಳೂವರೆಯ ಒಳಗೆ ಆದರೆ ಕ್ಯೂ ಸಣ್ಣದು. ಇಡ್ಲಿ, ಕಾಫಿ ಮುಗಿಸಿ, ಕೂರುವ ಆಸೆ ಇಟ್ಟುಕೊಳ್ಳಬೇಡಿ. ಕೂರಬೇಕು ಅನಿಸಿದರೆ ಹನ್ನೊಂದರ ಸುಮಾರಿಗೆ ಧೋಬಿ ತಲಾವಿನ ಕಡೆ ಇರಾನಿ ಚಾ. ಆ ಹೊತ್ತಿಗೆ ಬೆಳಗಿನ ಗದ್ದಲ ಇಳಿದು ಮಧ್ಯಾಹ್ನದ ಗದ್ದಲ ಏರಿರುವುದಿಲ್ಲ. ಭೇಂಡಿ ಬಜಾರಿಗೆ ರಂಜಾನಿನ ರಾತ್ರಿ ಬಿಟ್ಟು ಒಂದು ಮಾಮೂಲಿ ದಿನ ಹೋಗಿ. ಅಕ್ಕ ತಂಗಿಯರನ್ನೋ ಗೆಳತಿಯರನ್ನೋ ಕರೆದುಕೊಂಡು ಹೋಗಿ, ಜಾಗ ಇದ್ದರೆ ಕೆಳಗೇ ಕೂರುತ್ತೇವೆ ಅಂತ ಸಮಾಧಾನದಿಂದ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವಳಿಗೆ ಕೇಳುವ ಅಗತ್ಯ ಬೀಳಲಿಕ್ಕಿಲ್ಲ.

ಆಮೇಲೆ ನೀವೇ ಒಂದು ಪಟ್ಟಿ ಬರೆಯಿರಿ. ಚೆನ್ನೈಯಲ್ಲಿರುವವರು ಟ್ರಿಪ್ಲಿಕೇನಿನದು, ಹೈದರಾಬಾದಿನವರು ಚಾರ್‌ಮಿನಾರ್ ಸುತ್ತಿನದು, ದಿಲ್ಲಿಯವರು ಜಾಮಾ ಮಸೀದಿಯ ಗಲ್ಲಿಯದು. ರುಚಿಗೆ ಒಂದು ಸಾಲು ಸಾಕು. ಉಳಿದ ಸಾಲುಗಳಲ್ಲಿ ಇಷ್ಟು ಹೇಳಿ: ಒಂದು ಚಾಕ್ಕೆ ಎಷ್ಟು ಹೊತ್ತು ಕೂರಬಹುದು, ಒಬ್ಬಳೇ ಬಂದವಳು ಎಲ್ಲಿ ಕೂತಳು, ಎದುರು ಕೂತವರು ಯಾರಿದ್ದರು, ಮೇಜು ಒರೆಸಿದ ಹುಡುಗ ಯಾವ ಊರಿನವನು. ಊರಿನಿಂದ ಹೊಸದಾಗಿ ಬರುವ ನಮ್ಮ ಮಕ್ಕಳಿಗೆ ಬೇಕಾದ ಪಟ್ಟಿ ಅದು. ಸದ್ಯಕ್ಕೆ ಅದನ್ನು ಬರೆದುಕೊಡುವವರು ನಾವಲ್ಲದೆ ಬೇರೆ ಯಾರೂ ಕಾಣುತ್ತಿಲ್ಲ.